ಜೋಲ್, ಜೋಳ ಮತ್ತು ‘ಲೋ’

ಎರಡು ವರ್ಷಗಳ ಹಿಂದಿನ ದೀಪಾವಳಿಯ ಸಂಜೆ. ಮಾಂಟ್ರಿಯಲ್‌ನಲ್ಲಿರುವ ಮಗಳು ವೀಡಿಯೊ ಕರೆ ಮಾಡಿದ್ದಳು. ನಮಗೆ ದೀಪ ಹಚ್ಚುವ ಹೊತ್ತು, ಅವರಿಗೆ ಬೆಳಗಿನ ತಿಂಡಿಯ ಹೊತ್ತು. ನಾಲ್ಕು ವರ್ಷದ ಮೊಮ್ಮಗಳು ಕುರ್ಚಿಯ ಮೇಲೆ ಕಾಲು ಆಡಿಸುತ್ತಾ ಕೂತಿದ್ದವಳು ಅಪ್ಪನ ಕಡೆ ತಿರುಗಿ, “ಪಾಪಾ, ದ ಲೋ!” ಎಂದಳು.

ನನಗೆ ಸಿಟ್ಟು ಬಂತು. ಹಬ್ಬದ ದಿನ ಬೇರೆ. “ಏನವ್ವಾ ಇದು? ಹಡೆದ ಅಪ್ಪಗ ‘ಲೋ’ ಅಂತಾಳಲ್ಲ, ಇದೇ ಏನು ನೀವು ಕಲಿಸಿದ್ದು?” ಎಂದು ಮಗಳನ್ನು ಗದರಿಸಿದೆ. ಮಗಳು ಒಂದು ಕ್ಷಣ ಬೆಪ್ಪಾಗಿ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಮ್ಮಾ, ಆಕಿ ನೀರು ಕೇಳ್ಯಾಳ. ಫ್ರೆಂಚಿನಾಗ ನೀರಿಗೆ ‘ಓ’ ಅಂತಾರ. ‘ದ ಲೋ’ ಅಂದ್ರ ಒಂದಿಷ್ಟು ನೀರು ಕೊಡು ಅಂತ.”

ಅಳಿಯ ನೀರು ಕೊಟ್ಟ, ಮಗು ಕುಡಿಯಿತು. ನಾನೂ ನಕ್ಕೆ. ಆದರೆ ಕರೆ ಮುಗಿದ ಮೇಲೆ ದೀಪಗಳ ಮುಂದೆ ಕೂತಾಗ ನಗು ಬರಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಕನ್ನಡ ಕಲಿಸಿದ ಮಾಸ್ತರಣಿ ನಾನು. ನನ್ನ ಮೊಮ್ಮಗಳು ಬಾಯಾರಿ ನೀರು ಕೇಳಿದರೆ ನನಗೆ ತಿಳಿಯುವುದಿಲ್ಲವಲ್ಲ!

ಮಗಳು ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ. ಆದರೆ ಮಗು ದಿನದ ಬಹುಭಾಗ ಕಳೆಯುವುದು ಶಿಶುವಿಹಾರದಲ್ಲಿ, ಅಲ್ಲಿ ಎಲ್ಲವೂ ಫ್ರೆಂಚ್. ಮುಂದೆ ಶಾಲೆಯೂ ಅಷ್ಟೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 1977ರಲ್ಲಿ ಒಂದು ಭಾಷಾ ಕಾಯ್ದೆ ಬಂತು. ಹೊರಗಿನಿಂದ ಬಂದು ನೆಲೆಸಿದವರ ಮಕ್ಕಳು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಫ್ರೆಂಚ್ ಶಾಲೆಗೇ ಹೋಗಬೇಕು. ಸರಿ, ಮಗುವಿನ ಕನ್ನಡ ನನ್ನ ಕಡೆ ನಾಲ್ಕು ಹೆಜ್ಜೆ ಬರಲಿ, ನನ್ನ ಫ್ರೆಂಚ್ ಅವಳ ಕಡೆ ನಾಲ್ಕು ಹೆಜ್ಜೆ ಹೋಗಲಿ ಎಂದುಕೊಂಡೆ. ಅರವತ್ತು ದಾಟಿದ ಮೇಲೆ, ಸಿಂಧನೂರಿನ ನಡುಮನೆಯಲ್ಲಿ ಕೂತು, ಫ್ರೆಂಚ್ ಕಲಿಯಲು ಹೊರಟೆ!

ಬೆಂಗಳೂರಿನಲ್ಲಾದರೆ ಆಲಿಯಾನ್ಸ್ ಫ್ರಾನ್ಸೇಸ್ ಎಂಬ ಸಂಸ್ಥೆಯಿದೆ, ಕೂಡಿಸಿಕೊಂಡು ಕಲಿಸುತ್ತಾರೆ. ನಮಗೆ ಬೆಂಗಳೂರೆಂದರೆ ಒಂದು ರಾತ್ರಿಯ ಬಸ್ಸು. ಮಗಳು ಒಂದು ಪುಸ್ತಕ ಕಳಿಸಿದಳು, ಫೋನಿನಲ್ಲಿ ಪಾಠ ಕೇಳುವುದನ್ನು ತೋರಿಸಿಕೊಟ್ಟಳು. ಮೂರು ತಿಂಗಳು ವ್ಯಾಕರಣ ಉರು ಹೊಡೆದೆ. ಕ್ರಿಯಾಪದಗಳ ಪಟ್ಟಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿದೆ. ಆಮೇಲೆ ಮೊಮ್ಮಗಳ ಮುಂದೆ ಬಾಯಿ ತೆರೆದರೆ ಒಂದು ವಾಕ್ಯವೂ ಹೊರಡಲಿಲ್ಲ. ಎಲ್ಲಿ ತಪ್ಪುತ್ತದೋ, ಯಾರು ನಗುತ್ತಾರೋ ಎಂಬ ಅಂಜಿಕೆ.

ಆ ಹೊತ್ತಿನಲ್ಲಿ ನನಗೆ ನೆನಪಾದವಳು ಒಬ್ಬ ಹೆಂಗಸು. ನಮ್ಮ ಊರಿನ ಸಮೀಪದ ಆರ್.ಎಚ್. ಕ್ಯಾಂಪಿನವಳು. ಈಗ ಅವಳನ್ನು ಎಲ್ಲರೂ ‘ದಿದಿಮಾ’ ಎನ್ನುತ್ತಾರೆ. ಬಂಗಾಳಿಯಲ್ಲಿ ತಾಯಿಯ ತಾಯಿಗೆ ಹಾಗೆನ್ನುವುದು. ಅಕ್ಷರದ ಪುಸ್ತಕ ಮುಟ್ಟದೆ, ಗುರುವಿಲ್ಲದೆ, ಇನ್ನೊಂದು ಭಾಷೆಯನ್ನು ನೀರಿನಂತೆ ಮಾತನಾಡಲು ಕಲಿತವಳು. ಭಾಷೆ ಬಾಯಿಗೆ ಬರುವುದು ಹೇಗೆಂದು ತಿಳಿಯಬೇಕಾದರೆ ನಾನು ಫ್ರಾನ್ಸಿಗೆ ಹೋಗಬೇಕಿರಲಿಲ್ಲ, ಕ್ಯಾಂಪಿಗೆ ಹೋದರೆ ಸಾಕಿತ್ತು.

ಕ್ಯಾಂಪಿನ ಕಥೆಗೆ ಮೊದಲು ನಮ್ಮ ಸೀಮೆಯ ಕಥೆ ಸ್ವಲ್ಪ ಹೇಳಬೇಕು. ಬೇರೆ ಭಾಷೆ ಎಂಬುದು ನಮಗೆ ಹೊಸದಲ್ಲ. ಪಕ್ಕದ ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನಿಗೆ ಒಂದು ಬಂಡೆಗಲ್ಲಿನ ಬರಹ ಸಿಕ್ಕಿತು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೇಳಿದ ಶಾಸನ ಅದು. ಅದರ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಇಪ್ಪತ್ತೆರಡು ಶತಮಾನಗಳಿಗೂ ಹಿಂದೆ ನಮ್ಮ ಗುಡ್ಡದ ದನಗಾಹಿಗಳಿಗೆ ದೂರದ ಪಾಟಲೀಪುತ್ರದ ಅರಸನ ಮಾತನ್ನು ಯಾರೋ ಒಬ್ಬರು ಅರ್ಥಮಾಡಿ ಹೇಳಿರಬೇಕಲ್ಲವೇ? ಆ ದುಭಾಷಿಯ ಹೆಸರು ಮಾತ್ರ ಯಾವ ಬಂಡೆಯ ಮೇಲೂ ಇಲ್ಲ.

ಅಷ್ಟು ಹಿಂದೇಕೆ, ನನ್ನ ತಂದೆಯವರ ಕಾಲಕ್ಕೇ ಬನ್ನಿ. ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಗಳ ಪಾಠವೂ ಉರ್ದು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. ತಂದೆಯವರು ಪತ್ರ ಬರೆಯುತ್ತಿದ್ದುದು ಕನ್ನಡದಲ್ಲಿ, ದೇವರಿಗೆ ಕೈಮುಗಿಯುತ್ತಿದ್ದುದು ಕನ್ನಡದಲ್ಲಿ. ಆದರೆ ಕಿರಾಣಿ ಲೆಕ್ಕ ಕೂಡಿಸುವಾಗ ಮಾತ್ರ ಕೊನೆಯವರೆಗೂ ತುಟಿ ಅಲ್ಲಾಡುತ್ತಿದ್ದುದು ಉರ್ದುವಿನಲ್ಲಿ. ಬಾಲ್ಯದಲ್ಲಿ ಕಲಿತ ಮಗ್ಗಿ ಮನುಷ್ಯನನ್ನು ಬಿಡುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಬಂತು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳಿಗೆ ನೀರು ಹರಿಯಿತು. ನೀರಿನ ಹಿಂದೆ ಜನ ಬಂದರು. ಆಂಧ್ರದ ರೈತರು ಭೂಮಿ ಕೊಂಡು ಊರಾಚೆ ನೆಲೆಸಿದರು, ಅವರ ವಸತಿಗಳನ್ನು ‘ಕ್ಯಾಂಪ್’ ಎಂದೆವು. ಈಗಲೂ ನಮ್ಮ ತಾಲೂಕಿನಲ್ಲಿ ಕ್ಯಾಂಪ್ ಎಂದರೆ ಡೇರೆಯಲ್ಲ, ಊರು. ಆ ಕ್ಯಾಂಪುಗಳ ನಡುವೆ ಬೇರೆ ಬಗೆಯವು ಈ ಆರ್.ಎಚ್. ಕ್ಯಾಂಪುಗಳು. ಅವುಗಳಿಗೆ ದೇವರ ಹೆಸರಿಲ್ಲ, ಗೌಡರ ಹೆಸರಿಲ್ಲ. ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಎಂದು ಬರೀ ಸಂಖ್ಯೆ. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಶನ್, ಅಂದರೆ ಪುನರ್ವಸತಿ ಎಂಬುದರ ಗಿಡ್ಡ ರೂಪ.

1947ರಲ್ಲಿ ಬಂಗಾಳ ಎರಡಾಯಿತು. ಪೂರ್ವ ಭಾಗ ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿದ್ದ ಹಿಂದೂ ರೈತ, ಬೆಸ್ತ ಕುಟುಂಬಗಳಲ್ಲಿ ಬಹಳ ಮಂದಿ, ಅದರಲ್ಲೂ ನಾಮಶೂದ್ರರು, ಹೊಲ ಬಿಟ್ಟು ಬರಲಾರದೆ ಉಳಿದರು. 1950ರಲ್ಲಿ ಗಲಭೆ, ಮತ್ತೆ 1964ರಲ್ಲಿ ಗಲಭೆ. ಪ್ರತಿ ಸಲವೂ ಗಡಿ ದಾಟಿದವರ ಸಾಲು. ಪಶ್ಚಿಮ ಬಂಗಾಳದಲ್ಲಿ ಜಾಗವಿಲ್ಲವೆಂದು ಅವರನ್ನು ರೈಲಿನಲ್ಲಿ ಒಳನಾಡಿಗೆ ಸಾಗಿಸಿದರು. ರಾಯಪುರದ ಹತ್ತಿರದ ಮಾನಾ ಶಿಬಿರದಂಥ ಕಡೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇಟ್ಟರು. 1958ರಲ್ಲಿ ಶುರುವಾದ ದಂಡಕಾರಣ್ಯ ಯೋಜನೆಯಡಿ ಬಸ್ತರ್, ಕೋರಾಪುಟ್ ಕಾಡುಗಳಲ್ಲಿ ಹಲವರಿಗೆ ಭೂಮಿ ಕೊಟ್ಟರು. ಇಂಥದೇ ಪುನರ್ವಸತಿಯ ಒಂದು ಕವಲು 1970ರ ಆಸುಪಾಸಿನಲ್ಲಿ ಸಿಂಧನೂರಿಗೆ ಹರಿದು ಬಂತು. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ನೂರಾರು ಬಂಗಾಳಿ ಕುಟುಂಬಗಳು, ಅವರೊಂದಿಗೆ ಬರ್ಮಾದಿಂದ ಮರಳಿದ ಕೆಲವು ಕುಟುಂಬಗಳು, ನಮ್ಮ ಕಪ್ಪು ಮಣ್ಣಿನ ಮೇಲೆ ಬಂದಿಳಿದವು.

ಯೋಚಿಸಿ ನೋಡಿ. ಹೊಳೆ, ಹಳ್ಳ, ದೋಣಿ, ತೆಂಗು, ಮೀನು ಇವುಗಳ ನಡುವೆ ಹುಟ್ಟಿದ ಹೆಣ್ಣುಮಗಳು ರಾಯಚೂರಿನ ಬೇಸಿಗೆಗೆ ಬಂದು ನಿಲ್ಲುವುದೆಂದರೇನು! ಕೈಗೆ ಭೂಮಿಯ ಕಾಗದ ಸಿಕ್ಕಿತು. ಆದರೆ ಬಾಯಿಗೆ ಭಾಷೆ ಯಾರು ಕೊಡಬೇಕು?

ಅಂಥ ಒಂದು ಬೇಸಿಗೆಯಲ್ಲಿ ದಿದಿಮಾ ನಮ್ಮ ಬಾಗಿಲಿಗೆ ಬಂದಳು. ನನಗೆ ಹನ್ನೆರಡೋ ಹದಿಮೂರೋ ವರ್ಷ. ಬಗಲಲ್ಲಿ ಕೂಸು, ತಲೆಯ ಮೇಲೆ ಸೊಪ್ಪಿನ ಬುಟ್ಟಿ. “ಜೋಲ್, ಮಾ, ಜೋಲ್” ಎಂದಳು. ನಮ್ಮವ್ವ ಒಳಗೆ ಹೋಗಿ ಒಂದು ಸೇರು ಜೋಳ ತಂದು ಅವಳ ಸೆರಗಿಗೆ ಸುರಿದಳು. ಪಾಪ, ಸೊಪ್ಪಿಗೆ ಬದಲು ಕಾಳು ಕೇಳುತ್ತಿದ್ದಾಳೆ ಎಂದು ಅವ್ವನ ಲೆಕ್ಕ. ಆಕೆ ಕಾಳು ನೋಡಿದಳು, ಅವ್ವನ ಮುಖ ನೋಡಿದಳು, ಕೂಸಿನ ಒಣಗಿದ ತುಟಿ ತೋರಿಸಿ ಬೊಗಸೆಯನ್ನು ಬಾಯಿಗೆ ಹಿಡಿದಳು. ಬಂಗಾಳಿಯಲ್ಲಿ ‘ಜೋಲ್’ ಎಂದರೆ ನೀರು! ಅವ್ವ “ಅಯ್ಯ ಶಿವನೇ” ಎನ್ನುತ್ತಾ ಓಡಿಹೋಗಿ ಚೊಂಬು ತಂದಳು. ಕೂಸು ಕುಡಿಯಿತು, ತಾಯಿ ಕುಡಿದಳು. ಜೋಳವನ್ನು ಅವ್ವ ವಾಪಸು ತೆಗೆದುಕೊಳ್ಳಲಿಲ್ಲ. ಆ ದಿನ ಆಕೆ ಎರಡು ಕನ್ನಡ ಶಬ್ದ ಕಲಿತಳು, ಅವ್ವ ಒಂದು ಬಂಗಾಳಿ ಶಬ್ದ ಕಲಿತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಆ ನಗುವಿನಲ್ಲಿ ಯಾರೂ ಮೇಲಿರಲಿಲ್ಲ, ಯಾರೂ ಕೆಳಗಿರಲಿಲ್ಲ.

ಆಮೇಲೆ ಅವಳ ಕನ್ನಡ ಬೆಳೆದದ್ದನ್ನು ನಾನು ವರ್ಷ ವರ್ಷವೂ ಕಂಡೆ. ಮೊದಲು ಬಂದದ್ದು ಬಿಡಿ ಶಬ್ದಗಳಲ್ಲ, ಇಡೀ ಮಾತುಗಳು: “ಎಷ್ಟು ಕೊಡ್ತೀರಿ”, “ಚಿಲ್ಲರೆ ಇಲ್ರಿ”, “ನಾಳೆ ಬರ್ತೀನ್ರಿ”. ಅವುಗಳನ್ನು ಒಡೆದು ಅರ್ಥ ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ, ಆದರೆ ಜಾಗ ತಪ್ಪದೆ ಬಳಸುತ್ತಿದ್ದಳು. ಆಮೇಲೆ ಭತ್ತದ ನಾಟಿಗೆ ಹೋಗತೊಡಗಿದಳು. ಕೆಸರಿನಲ್ಲಿ ಬಗ್ಗಿ ನಿಂತ ಇಪ್ಪತ್ತು ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಅತ್ತೆ, ಸೊಸೆ, ಗಂಡ, ದೇವರು ಎಲ್ಲರ ಬಗ್ಗೆ ಮಾತನಾಡುತ್ತಾರೆ. ಅದಕ್ಕಿಂತ ದೊಡ್ಡ ಶಾಲೆ ಯಾವುದಿದೆ? ಒಂದು ವರ್ಷ ಬರೀ ಕೇಳಿದಳಂತೆ. ಎರಡನೇ ವರ್ಷ ಜಗಳವಾಡಿದಳಂತೆ. “ಸಿಟ್ಟು ಬಂದಾಗ ಬಾಂಗ್ಲಾದಾಗ ಬೈದ್ರ ಯಾರಿಗೂ ತಟ್ಟಲಿಲ್ಲವ್ವಾ. ಅದಕ್ಕ ಕನ್ನಡದಾಗ ಬೈಯೂದು ಕಲಿತೆ” ಎಂದು ಈಗಲೂ ನಗುತ್ತಾಳೆ.

ತಪ್ಪುಗಳು ಇರಲಿಲ್ಲವೇ? ರಾಶಿ ರಾಶಿ ಇದ್ದವು. ಬಂಗಾಳಿಯಲ್ಲಿ ಅವನು, ಅವಳು ಎರಡಕ್ಕೂ ಒಂದೇ ಸರ್ವನಾಮ. ಗಂಡು ಬಂದರೂ ಹೆಣ್ಣು ಬಂದರೂ ಕ್ರಿಯಾಪದ ಬದಲಾಗುವುದಿಲ್ಲ. ನಮ್ಮಲ್ಲಿ ಬಂದನು, ಬಂದಳು, ಬಂದಿತು. ದಿದಿಮಾ ಬಹಳ ದಿನ “ನನ್ನ ಗಂಡ ಬಂದಳು”, “ಅತ್ತಿ ಹೋದ” ಎನ್ನುತ್ತಿದ್ದಳು. ಬಂಗಾಳಿಯಲ್ಲಿ ‘ಳ’ ಇಲ್ಲ. ಆದ್ದರಿಂದ ಬೇಳೆ ‘ಬೇಲೆ’ಯಾಗುತ್ತಿತ್ತು, ಹಾಳಾಯಿತು ಎನ್ನುವುದು ‘ಹಾಲಾಯಿತು’ ಆಗುತ್ತಿತ್ತು. ಗದ್ದೆಯ ಹೆಂಗಸರು ನಕ್ಕು, ತಿದ್ದಿ, ಮುಂದಿನ ಮಾತಿಗೆ ಹೋಗುತ್ತಿದ್ದರು. ಅವಳೂ ಅವರೊಂದಿಗೆ ನಕ್ಕು ಮುಂದೆ ಹೋಗುತ್ತಿದ್ದಳು. ಮಾತು ನಿಲ್ಲುತ್ತಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಎಂಬತ್ತರ ದಶಕದ ಆರಂಭದಲ್ಲಿ ನಾನು ಹೊಸದಾಗಿ ಮಾಸ್ತರಣಿಯಾಗಿದ್ದೆ. ಐದನೇ ತರಗತಿಯಲ್ಲಿ ಕ್ಯಾಂಪಿನ ಒಬ್ಬ ಹುಡುಗಿ ಇದ್ದಳು. ಮುತ್ತಿನಂಥ ಅಕ್ಷರ. ಒಂದು ದಿನ ಪಾಠ ಓದಿಸುವಾಗ ಬಾಳೆಹಣ್ಣನ್ನು ‘ಬಾಲೆಹಣ್ಣು’ ಎಂದಳು. ಬಾಲೆ ಎಂದರೆ ಹುಡುಗಿಯಲ್ಲವೇ? ನನಗೆ ತಡೆಯಲಾರದಷ್ಟು ನಗು ಬಂತು. ಮಾಸ್ತರಣಿ ನಕ್ಕ ಮೇಲೆ ಮಕ್ಕಳು ಬಿಟ್ಟಾರೆಯೇ? ನಲವತ್ತು ಮಕ್ಕಳು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಅದೇ ಅವಳ ಅಡ್ಡಹೆಸರಾಯಿತು. ಆ ವರ್ಷ ಮುಗಿಯುವವರೆಗೆ ಆ ಹುಡುಗಿ ನನ್ನ ತರಗತಿಯಲ್ಲಿ ಗಟ್ಟಿಯಾಗಿ ಓದಲಿಲ್ಲ. ಉಕ್ತಲೇಖನದಲ್ಲಿ ಪೂರ್ತಿ ಅಂಕ ತೆಗೆಯುತ್ತಿದ್ದಳು, ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುತ್ತಿದ್ದಳು.

ಬಹಳ ವರ್ಷಗಳ ನಂತರ ಬಸ್ ನಿಲ್ದಾಣದಲ್ಲಿ ಅವಳೇ ಬಂದು ಮಾತನಾಡಿಸಿದಳು. ಕೈಯಲ್ಲಿ ಮಗು. ನಮ್ಮ ಸೀಮೆಯ ಕನ್ನಡ, ಒಂದು ‘ಳ’ವೂ ತಪ್ಪಲಿಲ್ಲ. “ಎಷ್ಟು ಚೆಂದ ಮಾತಾಡ್ತೀ” ಎಂದೆ, ನನ್ನದೂ ಅದರಲ್ಲಿ ಒಂದು ಪಾಲಿರಬಹುದೆಂಬ ಆಸೆಯಿಂದ. “ಸಾಲ್ಯಾಗ ಕಲಿತಿಲ್ರಿ ಮೇಡಂ, ಗದ್ದ್ಯಾಗ ಕಲಿತೆ” ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

ಫ್ರೆಂಚ್ ಪಾಠದ ಜೊತೆಗೆ ಆ ದೇಶದ ಇತಿಹಾಸವನ್ನೂ ಓದತೊಡಗಿದಾಗ ಈ ಹುಡುಗಿ ಮತ್ತೆ ಮತ್ತೆ ಎದುರಾದಳು. ಫ್ರಾನ್ಸಿನವರೆಲ್ಲ ಹುಟ್ಟಿನಿಂದಲೇ ಫ್ರೆಂಚ್ ಮಾತನಾಡುತ್ತಾ ಬಂದವರೆಂದು ನಾನು ತಿಳಿದಿದ್ದೆ. ಹಾಗಲ್ಲ. 1539ರಲ್ಲಿ ದೊರೆ ಒಂದನೇ ಫ್ರಾನ್ಸಿಸ್ ಕೋರ್ಟು ಕಚೇರಿಯ ಕಾಗದಗಳೆಲ್ಲ ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲಿರಬೇಕೆಂದು ಆಜ್ಞೆ ಹೊರಡಿಸಿದ. ಆದರೂ ಇನ್ನೂರೈವತ್ತು ವರ್ಷಗಳ ಮೇಲೆ, ಮಹಾಕ್ರಾಂತಿಯ ನಡುವೆ, 1794ರಲ್ಲಿ ಗ್ರೆಗ್ವಾರ್ ಎಂಬ ಪಾದ್ರಿ ರಾಷ್ಟ್ರೀಯ ಸಭೆಗೆ ವರದಿ ಕೊಟ್ಟಾಗ ಹೇಳಿದ್ದೇನು? ಎರಡೂವರೆ ಕೋಟಿಗೂ ಮಿಕ್ಕಿದ ಜನರಲ್ಲಿ ಶುದ್ಧವಾಗಿ ಫ್ರೆಂಚ್ ಮಾತನಾಡಬಲ್ಲವರು 30 ಲಕ್ಷಕ್ಕಿಂತ ಹೆಚ್ಚಿಲ್ಲ! ಅರವತ್ತು ಲಕ್ಷ ಜನರಿಗೆ ಆ ಭಾಷೆ ಬರುವುದೇ ಇಲ್ಲ, ಇನ್ನಷ್ಟೇ ಜನಕ್ಕೆ ನಾಲ್ಕು ಮಾತು ಸೇರಿಸಿ ಆಡಲು ಬರುವುದಿಲ್ಲ. ಉಳಿದವರೆಲ್ಲ ಮನೆಯಲ್ಲಿ ಬ್ರೆತೊನ್, ಬಾಸ್ಕ್, ಓಕ್ಸಿತಾನ್ ಮುಂತಾದ ತಮ್ಮ ತಮ್ಮ ನುಡಿಗಳನ್ನಾಡುವವರು. ಎಂದರೆ ಫ್ರೆಂಚರಲ್ಲಿ ಬಹುಪಾಲು ಜನ ನನ್ನ ಹಾಗೆಯೇ ಫ್ರೆಂಚನ್ನು ಕಲಿತವರ ಮೊಮ್ಮಕ್ಕಳು, ಮರಿಮಕ್ಕಳು.

ಹೇಗೆ ಕಲಿಸಿದರು? 1881-82ರಲ್ಲಿ ಮಂತ್ರಿ ಜೂಲ್ ಫೆರಿ ಉಚಿತ, ಕಡ್ಡಾಯ ಶಿಕ್ಷಣದ ಕಾಯ್ದೆಗಳನ್ನು ತಂದ. ಹಳ್ಳಿ ಹಳ್ಳಿಗೂ ಶಾಲೆ ಬಂತು, ಹೆಣ್ಣುಮಕ್ಕಳೂ ಓದಿದರು. ಇದು ದೊಡ್ಡ ಕೆಲಸವೇ. ಆದರೆ ಬ್ರಿಟನಿಯಂಥ ಸೀಮೆಗಳ ಎಷ್ಟೋ ಶಾಲೆಗಳಲ್ಲಿ ಮನೆಮಾತು ಬಾಯಿಂದ ಬಿದ್ದರೆ ಆ ಮಗುವಿನ ಕೊರಳಿಗೆ ಒಂದು ಹಳೆಯ ಮರದ ಪಾದರಕ್ಷೆಯನ್ನು ನೇತುಹಾಕುತ್ತಿದ್ದರು. ಇನ್ನೊಬ್ಬ ಹುಡುಗ ತಪ್ಪಿ ಮನೆಮಾತು ಆಡುವವರೆಗೆ ಅದು ಇವನ ಕೊರಳಲ್ಲೇ. ಸಂಜೆ ಅದು ಯಾರ ಕೊರಳಲ್ಲಿರುತ್ತದೋ ಅವನಿಗೆ ಶಿಕ್ಷೆ. ಹಾಗೆ ಕಲಿತ ಮಕ್ಕಳು ಫ್ರೆಂಚನ್ನೇನೋ ಚೆನ್ನಾಗಿ ಕಲಿತರು. ದೊಡ್ಡವರಾದ ಮೇಲೆ ತಮ್ಮ ಮಕ್ಕಳಿಗೆ ಬ್ರೆತೊನ್ ಕಲಿಸಲಿಲ್ಲ. ಈಗ ಆ ಭಾಷೆಯನ್ನು ಅಳಿವಿನ ಅಂಚಿನಲ್ಲಿರುವುದೆಂದು ಯುನೆಸ್ಕೋ ಪಟ್ಟಿಮಾಡಿದೆ.

ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ನಾನು ಯಾವ ಹುಡುಗಿಯ ಕೊರಳಿಗೂ ಪಾದರಕ್ಷೆ ಕಟ್ಟಲಿಲ್ಲ. ನಕ್ಕೆ, ಅಷ್ಟೆ. ಆದರೆ ಆ ಹುಡುಗಿ ನನ್ನ ನಗುವನ್ನು ವರ್ಷವಿಡೀ ಕೊರಳಲ್ಲಿ ಹೊತ್ತುಕೊಂಡೇ ನನ್ನ ತರಗತಿಯಲ್ಲಿ ಕೂತಿದ್ದಳು.

ಕಳೆದ ದಸರೆಯಲ್ಲಿ ಕ್ಯಾಂಪಿನ ದುರ್ಗಾಪೂಜೆಗೆ ಹೋಗಿದ್ದೆ. ದಿದಿಮಾ ಮಂಟಪದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. “ವಯಸ್ಸು ಎಷ್ಟಾತು ದಿದಿಮಾ?” ಎಂದೆ. “ಚಾರ್ ಕುರಿ ಮ್ಯಾಲೆ ಎರಡು” ಎಂದಳು. ಪಕ್ಕದಲ್ಲಿದ್ದ ನನ್ನ ಗೆಳತಿ, “ವಯಸ್ಸು ಕೇಳಿದ್ರ ಕುರಿ ಲೆಕ್ಕ ಹೇಳ್ತಾಳಲ್ಲ!” ಎಂದು ಬೆರಗಾದಳು. ಬಂಗಾಳಿಯಲ್ಲಿ ಇಪ್ಪತ್ತಕ್ಕೆ ಕುರಿ ಎಂದು ಹೆಸರು. ಹಳಬರು ಇಪ್ಪತ್ತರ ಗುಂಪಿನಲ್ಲೇ ಎಣಿಸುತ್ತಾರೆ. ನಾಲ್ಕು ಇಪ್ಪತ್ತು ಎಂಬತ್ತು, ಮೇಲೆ ಎರಡು. ಐವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಮಾತನಾಡಿದರೂ ಎಣಿಕೆ ಮಾತ್ರ ಹುಟ್ಟೂರಿನದೇ, ನನ್ನ ತಂದೆಯವರ ಉರ್ದು ಲೆಕ್ಕದ ಹಾಗೆ.

ನನಗೆ ಥಟ್ಟನೆ ಏನೋ ಹೊಳೆಯಿತು. ಫ್ರೆಂಚಿನಲ್ಲಿ ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಈ ಎಂಬತ್ತೇ! ಅವರಲ್ಲಿ ಎಂಬತ್ತಕ್ಕೆ ಬೇರೆ ಶಬ್ದವಿಲ್ಲ, ‘ಕಾತ್ರ್ ವ್ಯಾಂ’ ಎನ್ನುತ್ತಾರೆ, ಅಂದರೆ ನಾಲ್ಕು ಇಪ್ಪತ್ತು. ತೊಂಬತ್ತೆಂದರೆ ನಾಲ್ಕು ಇಪ್ಪತ್ತು ಹತ್ತು. ಇದೆಂಥ ವಕ್ರ ಲೆಕ್ಕವೆಂದು ಪುಸ್ತಕಕ್ಕೆ ಬೈದಿದ್ದೆ. ಈಗ ನೋಡಿದರೆ ಅದು ದಿದಿಮಾನ ಚಾರ್ ಕುರಿ! ಆ ಸಂಜೆಯಿಂದ ಫ್ರೆಂಚ್ ಎಣಿಕೆ ನನಗೆ ತಪ್ಪಿಲ್ಲ.

ಅಂದೇ ಅವಳಿಗೆ ತೋರು ದತ್ತಳ ಕಥೆ ಹೇಳಿದೆ. 1856ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಹುಡುಗಿ. 1869ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ತಂದೆತಾಯಿ ಮತ್ತು ಅಕ್ಕ ಆರೂ ಜೊತೆ ಫ್ರಾನ್ಸಿಗೆ ಹೋದಳು. ಅಕ್ಕತಂಗಿಯರು ನೀಸ್ ಎಂಬ ಕಡಲೂರಿನ ಶಾಲೆಯಲ್ಲಿ ಕೆಲವೇ ತಿಂಗಳು ಓದಿದರು. ಆಮೇಲೆ ಇಂಗ್ಲೆಂಡು, ಕೇಂಬ್ರಿಜ್. 1873ರಲ್ಲಿ ಮನೆಗೆ ಮರಳಿದರು. ಮರುವರ್ಷವೇ ಅಕ್ಕ ಕ್ಷಯದಿಂದ ತೀರಿಕೊಂಡಳು. ಕಲ್ಕತ್ತೆಯ ಮನೆಯೊಳಗೆ ಅಷ್ಟಾಗಿ ಹೊರಗೆ ಹೋಗಲಾರದ ಹುಡುಗಿ, ಫ್ರೆಂಚ್ ಮಾತನಾಡಲು ಜೊತೆಯಿದ್ದ ಅಕ್ಕನೂ ಇಲ್ಲ. ಆದರೂ ಅವಳು ಆ ಭಾಷೆಯನ್ನು ಬಿಡಲಿಲ್ಲ. ಓದಿದಳು, ಭಾಷಾಂತರಿಸಿದಳು. 1876ರಲ್ಲಿ ಫ್ರೆಂಚ್ ಕವಿತೆಗಳ ಇಂಗ್ಲಿಷ್ ಅನುವಾದದ ಪುಸ್ತಕ ಭವಾನೀಪುರದ ಒಂದು ಮುದ್ರಣಾಲಯದಿಂದ ಹೊರಬಂತು. ಅದರಲ್ಲಿ ಅಕ್ಕನ ಕೆಲವು ಅನುವಾದಗಳನ್ನೂ ಸೇರಿಸಿದ್ದಳು. 1877ರ ಆಗಸ್ಟ್ 30ರಂದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವಳೂ ಹೋದಳು. ಆಮೇಲೆ ತಂದೆಗೆ ಅವಳ ಕಾಗದಗಳ ನಡುವೆ ಒಂದು ಇಡೀ ಕಾದಂಬರಿ ಸಿಕ್ಕಿತು, ಫ್ರೆಂಚಿನಲ್ಲೇ ಬರೆದದ್ದು! 1879ರಲ್ಲಿ ಅದು ಪ್ಯಾರಿಸ್ಸಿನಲ್ಲಿ ಅಚ್ಚಾಯಿತು.

ದಿದಿಮಾ ಕಣ್ಣು ಮುಚ್ಚಿ ಕೇಳಿದಳು. ನಮ್ಮ ಸೀಮೆಯ ಹುಡುಗಿಯಲ್ಲವೇ ಎಂದು ಹೆಮ್ಮೆಪಡಬಹುದೆಂದು ನಾನು ಕಾದಿದ್ದೆ. ಅವಳು ಕೇಳಿದ್ದೇ ಬೇರೆ: “ಆಕೀಗಿ ಬಾಂಗ್ಲಾ ಬರ್ತಿತ್ತೇನು?”

ಬರುತ್ತಿತ್ತು ಎಂದೆ. ತಾಯಿ ಬಂಗಾಳಿಯಲ್ಲಿ ಬರೆಯಬಲ್ಲವಳಾಗಿದ್ದಳು, ಪುರಾಣದ ಕಥೆಗಳನ್ನು ಹೇಳುತ್ತಿದ್ದಳು. ಫ್ರೆಂಚ್ ಇಂಗ್ಲಿಷ್‌ಗಳನ್ನು ಗೆದ್ದ ಮೇಲೆ ತೋರು ತಂದೆಯ ಜೊತೆ ಕೂತು ಸಂಸ್ಕೃತ ಕಲಿಯತೊಡಗಿದ್ದಳು. ಸಾವಿತ್ರಿ, ಧ್ರುವ, ಪ್ರಹ್ಲಾದರ ಮೇಲೆ ಅವಳು ಬರೆದ ಪದ್ಯಗಳು 1882ರಲ್ಲಿ ಪುಸ್ತಕವಾದವು. “ಹಂಗಾರ ಪುಣ್ಯವಂತಿ” ಎಂದಳು ದಿದಿಮಾ. ಮಂಟಪದ ಮುಂದೆ ಆಡುತ್ತಿದ್ದ ತನ್ನ ಮರಿಮಕ್ಕಳ ಕಡೆ ಕೈ ತೋರಿಸಿದಳು. “ಇವಕ್ಕ ಮಾತು ಬರ್ತೈತಿ, ಓದಾಕ ಬರೂದಿಲ್ಲ. ಹುಡುಗ ಕನ್ನಡದಾಗ ಫಸ್ಟ್ ಬರ್ತಾನ. ನನ್ನ ಗಂಡ ಊರಿಂದ ತಂದ ರಾಮಾಯಣ ಪೆಟ್ಟಿಗ್ಯಾಗ ಐತಿ. ಅದನ್ನ ಓದೋರಿಲ್ಲ.”

ಏನು ಹೇಳಲಿ? ಆ ಮಕ್ಕಳು ಕನ್ನಡದಲ್ಲಿ ಓದಿದರು, ನಾನೇ ಓದಿಸಿದೆ, ಸಂತೋಷ. ಅವರ ಮನೆಯ ಅಕ್ಷರವನ್ನು ವಾರಕ್ಕೊಂದು ಗಂಟೆಯಾದರೂ ಯಾರಾದರೂ ಕಲಿಸಬೇಕೆಂದು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ನನಗೆ ತೋಚಲಿಲ್ಲ. ಕನ್ನಡ ಇಷ್ಟು ಚೆನ್ನಾಗಿ ಬಂದರೂ ಕಾಗದಪತ್ರದ ಲೋಕದಲ್ಲಿ ಇವರಲ್ಲಿ ಕೆಲವರು ದಶಕಗಳವರೆಗೆ ಹೊರಗಿನವರಾಗಿಯೇ ಉಳಿದರು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚಿನಲ್ಲಿ ಬಂದ ಮೇಲೆ, ಆ ವರ್ಷವೇ ಈ ಕ್ಯಾಂಪುಗಳ ಕೆಲವರ ಕೈಗೆ ಪೌರತ್ವದ ಪತ್ರ ಬಂತು. ಬಂಗಾಳದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ನಾಮಶೂದ್ರರಿಗೆ ಇಲ್ಲಿಯೂ ಆ ಸ್ಥಾನ ಬೇಕೆಂಬುದು ಅವರ ಹಳೆಯ ಬೇಡಿಕೆ. ಊರು ಮಾತನ್ನು ಒಪ್ಪಿಕೊಂಡಷ್ಟು ಬೇಗ ಕಚೇರಿ ಮನುಷ್ಯರನ್ನು ಒಪ್ಪಿಕೊಳ್ಳುವುದಿಲ್ಲ.

ಗೆಳತಿಯರೇ, ನನ್ನ ಫ್ರೆಂಚ್ ಈಗ ಎಲ್ಲಿಗೆ ಬಂತೆಂದು ಕೇಳುತ್ತೀರಾ? ನಿರರ್ಗಳ ಎನ್ನಲಾರೆ, ಆದರೆ ನಿಲ್ಲುವುದಿಲ್ಲ. ಗೋಡೆಯ ಪಟ್ಟಿಯನ್ನು ತೆಗೆದುಹಾಕಿದೆ. ದಿದಿಮಾನ ದಾರಿ ಹಿಡಿದೆ. ಮೊದಲು ಕೇಳುವುದು: ದಿನಕ್ಕೆ ಅರ್ಧ ಗಂಟೆ, ರೊಟ್ಟಿ ಬಡಿಯುವಾಗ, ಮಕ್ಕಳ ಕಥೆಗಳನ್ನು ಫೋನಿನಲ್ಲಿ ಹಾಕಿಕೊಂಡು. ಬರಹ ನೋಡಿದರೆ ಮೋಸ ಹೋಗುತ್ತೇವೆ. ನೀರು ಎನ್ನುವ ಆ ‘ಓ’ ಶಬ್ದವನ್ನು ಬರೆಯಲು ಅವರಿಗೆ ಮೂರು ಅಕ್ಷರ ಬೇಕು, ಮೂರರಲ್ಲಿ ಒಂದೂ ‘ಓ’ ಅಲ್ಲ! ಆಮೇಲೆ ಇಡೀ ಮಾತುಗಳನ್ನು ಇಡಿಯಾಗಿಯೇ ಕಲಿಯುವುದು: “ಇದೇನು?”, “ಹಸಿವಾಯಿತೇ?”, “ಇನ್ನೊಮ್ಮೆ ಹೇಳು ಬಂಗಾರ”. ಆಮೇಲೆ ತಪ್ಪು ಮಾಡುವುದು, ಧಾರಾಳವಾಗಿ. ಅವರಲ್ಲಿ ನಿರ್ಜೀವ ವಸ್ತುಗಳಿಗೂ ಗಂಡು ಹೆಣ್ಣು ಭೇದ. ಪುಸ್ತಕ ಗಂಡು, ಮೇಜು ಹೆಣ್ಣು. ಸೂರ್ಯ ಗಂಡು, ಚಂದ್ರ ಹೆಣ್ಣು. ನಮ್ಮ ಚಂದಮಾಮ ಅಲ್ಲಿಗೆ ಹೋದರೆ ಅತ್ತೆ! ನಾನು ಮೇಜನ್ನು ಗಂಡು ಮಾಡಿದಾಗಲೆಲ್ಲ ಮೊಮ್ಮಗಳು, “ನೋ ಅಜ್ಜಿ, ‘ಲ’ ತಾಬ್ಲ್” ಎಂದು ತಿದ್ದುತ್ತಾಳೆ. ತಿದ್ದಿ ತನ್ನ ಕಥೆ ಮುಂದುವರಿಸುತ್ತಾಳೆ, ಗದ್ದೆಯ ಹೆಂಗಸರ ಹಾಗೆ. ಅವಳು ನಿಲ್ಲದಿರುವುದರಿಂದ ನಾನೂ ನಿಲ್ಲುವುದಿಲ್ಲ.

ಇಷ್ಟು ವರ್ಷ ಭಾಷೆ ಕಲಿಯುವುದು ಕಲಿಯುವವರ ಜಾಣತನವೆಂದೇ ನಂಬಿದ್ದೆ. ಈಗ ತಿಳಿಯುತ್ತದೆ, ಅರ್ಧ ಕೆಲಸ ಕೇಳುವವರದು. ನೀರು ಕೇಳಿದವಳಿಗೆ ಕಾಳು ಕೊಟ್ಟರೂ ಬಾಗಿಲು ಹಾಕಿಕೊಳ್ಳದೆ ನಿಂತಳಲ್ಲ ನಮ್ಮವ್ವ, ದಿದಿಮಾನ ಮೊದಲ ಕನ್ನಡ ಮಾಸ್ತರಣಿ ಅವಳೇ. ನನಗೆ ತರಬೇತಿಯಿತ್ತು, ಪ್ರಮಾಣಪತ್ರವಿತ್ತು. ಆ ತಾಳ್ಮೆ ಇರಲಿಲ್ಲ.

ಕಳೆದ ಭಾನುವಾರ ಮೊಮ್ಮಗಳು ಪರದೆಯ ತುಂಬ ಹಳದಿ ಬಣ್ಣದ ಏನನ್ನೋ ಹಿಡಿದಳು. ಅವಳಿಗೀಗ ಆರು ವರ್ಷ. ಫ್ರೆಂಚಿನಲ್ಲೂ ‘ಳ’ ಇಲ್ಲ. “ಅಜ್ಜಿ, ನೋಡು, ಬಾಲೆಹಣ್ಣು!” ಎಂದಳು.

ನನ್ನ ಎದೆ ಧಸಕ್ಕೆಂದಿತು. ನಾಲ್ಕು ದಶಕಗಳ ಹಿಂದಿನ ತರಗತಿ ಕಣ್ಣಮುಂದೆ ಬಂತು, ನೆಲ ನೋಡುತ್ತಾ ನಿಂತ ಹುಡುಗಿಯೂ.

“ಹೌದವ್ವಾ, ಬಾಳೆಹಣ್ಣು” ಎಂದೆ. “ಎಷ್ಟು ಅದಾವು, ಎಣಿಸು ನೋಡೋಣ.”

ಅವಳು ಎಣಿಸತೊಡಗಿದಳು.